ಉಪ್ಪೂ ಬೇಡವಂತೆ

ಮಾವನ ಬೆಲ್ಟಿಗೆ ಇನ್ನೊಂದು ತೂತು ಬೇಕಾಗಿತ್ತು. ಅವಳ ಗಂಡ ಅದನ್ನು ಹೊಸ್ತಿಲ ಮೇಲೆ ಚಾಚಿ, ಕೊನೆಯ ತೂತಿನಿಂದ ನಾಲ್ಕು ಬೆರಳು ಈಚೆಗೆ ಮೊಳೆ ನಿಲ್ಲಿಸಿ, ಸುತ್ತಿಗೆಯಿಂದ ಬಡಿಯುತ್ತಿದ್ದ. ಹಳೆಯ ಚರ್ಮ ಕಲ್ಲಿನ ಹಾಗಿತ್ತು. ಮೊಳೆ ಜಾರಿ ಮರಕ್ಕೆ ಕಚ್ಚಿಕೊಂಡಿತು.

"ದಾರ ಕಟ್ಟಿದ್ರೂ ನಡೆಯತ್ತೆ ಸಾರ್. ಮೇಲೆ ಕೋಟು ಬರತ್ತಲ್ಲ, ಯಾರಿಗೂ ಕಾಣಲ್ಲ" ಎಂದು ಒಳಕೋಣೆಯಿಂದ ಶವದ ವ್ಯಾನಿನವನು ಕೂಗಿ ಹೇಳಿದ.

"ದಾರ ಬೇಡ" ಎಂದು ಗಂಡ ಮೊಳೆ ಕಿತ್ತು ಮತ್ತೆ ಇಟ್ಟ.

ಅವಳು ಇಸ್ತ್ರಿ ಮಾಡಿದ ಕೋಟು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವಳ ಮದುವೆಗೆಂದು ಹೊಲಿಸಿದ ಕೋಟು ಅದು. ಅವತ್ತು ಊಟ ಮುಗಿಸಿ ಎದ್ದಾಗ ನಡುವಿನ ಗುಂಡಿ ಪಟ್ಟೆಂದು ಹಾರಿಹೋಗಿ, ಮಾವ ಅದನ್ನು ಹುಡುಕಿ ತಂದು ಅಡುಗೆಯವನ ಕೈಗೇ ಕೊಟ್ಟು, "ಇಟ್ಕೊಳ್ಳಪ್ಪ, ನಿನ್ನ ಕೈಗುಣಕ್ಕೆ ಸರ್ಟಿಫಿಕೇಟು" ಎಂದಿದ್ದರು. ಈಗ ಕೋಟು ತೊಡಿಸಿದಾಗ ಎರಡೂ ಅಂಚುಗಳು ಒಂದರ ಮೇಲೊಂದು ಹೊದಿಕೆಯ ಹಾಗೆ ಬಿದ್ದವು.

ಬೆಳಗಿನ ಬಸ್ಸಿಗೆ ಬಂದಿಳಿದ ನಾದಿನಿ, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದವಳು, ಅಪ್ಪನನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ಅಣ್ಣಾ, ಅಪ್ಪ ಇಷ್ಟೊಂದು ಸೊರಗಿದ್ರಾ? ಫೋನಲ್ಲಿ ಒಂದಿನಾನೂ ಹೇಳ್ಲಿಲ್ವಲ್ಲೋ ನೀನು."

"ಪಥ್ಯ ಇತ್ತಲ್ಲ. ಡಾಕ್ಟ್ರು ಹೇಳಿದ್ದು ತಾನೇ" ಎಂದ ಗಂಡ. ಹಾಗೆನ್ನುವಾಗ ಅವನು ಸುತ್ತಿಗೆಯನ್ನು ಎಲ್ಲಿಡುವುದೆಂದು ಹುಡುಕುತ್ತಿದ್ದ.

ನಾದಿನಿ ತಿರುಗಿ ಅವಳನ್ನು ತಬ್ಬಿಕೊಂಡಳು. "ಅತ್ತಿಗೆ, ನೀನಿದ್ದೆ ಅಂತ ಇಷ್ಟು ದಿನ ಉಳಿದ್ರು. ನಾನಾಗಿದ್ರೆ ಅವ್ರು ಎರಡು ಸಲ ಕೇಳೋ ಹೊತ್ತಿಗೆ ಕರಗಿ, ತಗೊಳ್ಳಪ್ಪ ತಿನ್ನು ಅಂದ್ಬಿಡ್ತಿದ್ದೆ."

ನಾದಿನಿಯ ಭುಜದ ಆಚೆ ಮಾವನ ಕೈ ಕಾಣುತ್ತಿತ್ತು. ಕೋಟಿನ ತೋಳು ಬೆರಳುಗಳ ತುದಿಯವರೆಗೂ ಇಳಿದಿತ್ತು.

*

ವರ್ಷದ ಮೊದಲಲ್ಲಿ, ಗಂಡ ಕೆಲಸಕ್ಕಿದ್ದ ಬಾಟಲಿ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬೀದಿಗೆ ಬೀದಿಯೇ ಕೈ ಬಿಗಿಹಿಡಿದಿತ್ತು. ಬೇಕರಿಯವನು ಅರ್ಧ ಬ್ರೆಡ್ಡು ಮಾರಲು ಶುರುಮಾಡಿದ್ದ. ಮಾಂಸದ ಅಂಗಡಿಯಲ್ಲಿ ಮೊದಲು ನಾಯಿಗೆ ಎಸೆಯುತ್ತಿದ್ದ ಎಲುಬು ಈಗ ಮುಂದುಗಡೆಯ ಗಾಜಿನೊಳಗೆ ಬಂದು ಕೂತಿತ್ತು. ಗಂಡ ದಿನಾ ಬೆಳಿಗ್ಗೆ ಕಾರ್ಖಾನೆಯ ಗೇಟಿನ ತನಕ ಹೋಗಿ ಬರುತ್ತಿದ್ದ, ಅಷ್ಟೆ. ಅವಳು ಹೊಲಿಯುತ್ತಿದ್ದ ಸಮವಸ್ತ್ರದ ಅಂಗಡಿಯಲ್ಲೂ ಕೆಲಸ ಅರ್ಧ ದಿನಕ್ಕೆ ಇಳಿದಿತ್ತು. ಮಗಳ ತೂಕ ಕಡಿಮೆಯಾಗಿದೆ, ಹಾಲು ಮೊಟ್ಟೆ ಕೊಡಿ ಎಂದು ಶಾಲೆಯಿಂದ ಹೇಳಿಕಳಿಸಿದ್ದರು.

ಆ ವಾರವೇ ಮಾವನಿಗೆ ತಲೆ ಸುತ್ತಿದ್ದು. ಅವಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ನೋಡಿಸಿಕೊಂಡು ಹೊರಗೆ ಹೋದ ಮಾವ ಬಾಗಿಲ ಬಳಿ ಶೇಂಗಾ ಹುರಿಯುತ್ತಿದ್ದವನ ಜೊತೆ ಮಾತಿಗೆ ನಿಂತರು. ಮರಳು ಇನ್ನೂ ಕಾಯಬೇಕು, ಕಾಯದೆ ಕಾಳು ಹಾಕಿದರೆ ಒಳಗೆ ಹಸಿ ಉಳಿಯುತ್ತದೆ ಎಂದು ಅವನಿಗೇ ಪಾಠ ಹೇಳುತ್ತಿದ್ದುದು ಒಳಗಿನವರೆಗೂ ಕೇಳುತ್ತಿತ್ತು.

"ಏನಿಲ್ಲ, ಕಿವಿಯೊಳಗಿನ ತೊಂದರೆ. ಗುಳಿಗೆ ತಗೊಂಡ್ರೆ ಹೋಗತ್ತೆ" ಎಂದರು ಡಾಕ್ಟರು.

"ಪಥ್ಯ ಏನಾದ್ರೂ?"

"ಪಥ್ಯ ಯಾಕಮ್ಮ? ಈ ವಯಸ್ಸಲ್ಲಿ ಇಷ್ಟ ಬಂದದ್ದು ತಿನ್ಲಿ ಬಿಡಿ."

ಮನೆಗೆ ಬರುವ ದಾರಿಯುದ್ದಕ್ಕೂ ಮಾವ ಮಾತಾಡುತ್ತಲೇ ಇದ್ದರು. ಲಾರಿ ಓಡಿಸುತ್ತಿದ್ದ ಕಾಲದ ದಾರಿಗಳೆಲ್ಲ ಅವರಿಗೆ ಊಟದಿಂದಲೇ ನೆನಪು. ಸೇತುವೆ ದಾಟಿ ಮೀನು ಹುರಿಯುವ ಹೆಂಗಸಿನ ಅಂಗಡಿಯಿಂದ ಎಡಕ್ಕೆ, ಅಲ್ಲಿಂದ ಕೋಳಿ ಸೂಪಿನವನ ತನಕ ನೇರ. ಸ್ಟ್ಯಾಂಡಿನಲ್ಲಿ ಎಲ್ಲರೂ ಅವರನ್ನು ರುಚಿಯಣ್ಣ ಎಂದೇ ಕರೆಯುತ್ತಿದ್ದರು. ಹೊಟ್ಟೆಬಾಕನಲ್ಲ. ತಿನ್ನುತ್ತಿದ್ದುದು ಸ್ವಲ್ಪವೇ, ಆದರೆ ಆ ಸ್ವಲ್ಪದ ಬಗ್ಗೆ ಮೂರು ದಿನ ಮಾತಾಡುತ್ತಿದ್ದರು. ಹೊಸದಾಗಿ ಬಂದ ಸೊಸೆ ಮೊದಲ ದಿನವೇ ಅನ್ನ ಸೀಯಿಸಿ ಅಳುತ್ತಾ ನಿಂತಾಗ, ಪಾತ್ರೆಯನ್ನು ತಮ್ಮ ಮುಂದೆ ಎಳೆದುಕೊಂಡು ತಳ ಕೆರೆದು ತಿಂದು, "ಇದನ್ನ ಬಿಸಾಡೋರಿಗೆ ಊಟ ಗೊತ್ತಿಲ್ಲ ಮಗಾ" ಎಂದವರು.

ಅವರಿಗೆ ಹೇಗೆ ಹೇಳುವುದು? ಕೇಳಿದರೆ ಅವರು ಖಂಡಿತ ಬಿಟ್ಟುಕೊಡುತ್ತಿದ್ದರು. ಕೇಳುವುದೇ ಆಗಲಿಲ್ಲ. ದುಡಿದು ಮನೆ ಕಟ್ಟಿದ ಹಿರಿಯರ ತಟ್ಟೆಯ ಮುಂದೆ ನಿಂತು, ಸಾಲುವುದಿಲ್ಲ, ನೀವು ಕಡಿಮೆ ತಿನ್ನಿ ಎನ್ನಲು ಬಾಯಿ ಬರಲಿಲ್ಲ. ಇಲ್ಲ ಎಂದು ಹೇಳುವುದಕ್ಕಿಂತ ಬೇಡವಂತೆ ಎಂದು ಹೇಳುವುದು ಸುಲಭವಾಗಿ ಕಂಡಿತು.

ಊಟಕ್ಕೆ ಕೂತಾಗ ಅವರೇ ಕೇಳಿದರು: "ಏನಂದ್ರು ಡಾಕ್ಟ್ರು?"

"ಪಥ್ಯ ಮಾಡ್ಬೇಕಂತೆ ಮಾವ. ಬೆಣ್ಣೆ ಬೇಡವಂತೆ. ಮೊಟ್ಟೆ ಬೇಡವಂತೆ. ಮಾಂಸಾನೂ."

"ಕಿವಿಗೂ ಬೆಣ್ಣೆಗೂ ಏನು ಸಂಬಂಧ? ನಾನೇನು ಕಿವೀಲಿ ತಿಂತೀನಾ?"

ಮಗಳು ಕಿಸಕ್ಕನೆ ನಕ್ಕಳು. ಗಂಡನೂ ತಲೆ ಎತ್ತಿ ಅವಳ ಮುಖ ನೋಡಿದ. ಅವಳಿಗೆ ಏನಾದರೂ ಒಂದನ್ನು ಸೇರಿಸದಿದ್ದರೆ ಕಟ್ಟಿದ್ದೆಲ್ಲ ಬಿದ್ದುಹೋಗುತ್ತದೆ ಎನ್ನಿಸಿತು.

"ಉಪ್ಪೂ ಬೇಡವಂತೆ" ಎಂದಳು.

ಅದನ್ನು ಕೇಳಿದ ಮೇಲೆ ಯಾರೂ ನಗಲಿಲ್ಲ. ಉಪ್ಪು ಬಂದದ್ದೇ ತಡ, ಮಾತು ಡಾಕ್ಟರದೇ ಆಗಿಬಿಟ್ಟಿತು. ಮಾವ ತಮ್ಮ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಮೊಮ್ಮಗಳ ತಟ್ಟೆಗೆ ದಾಟಿಸಿದರು.

*

ಹತ್ತು ಗಂಟೆಯ ಹೊತ್ತಿಗೆ ಹೊರಕೋಣೆ ತುಂಬಿತ್ತು. ಲಾರಿ ಸ್ಟ್ಯಾಂಡಿನವರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಮಾವನ ಜೊತೆ ವರ್ಷಗಟ್ಟಲೆ ಒಂದೇ ಲಾರಿ ಓಡಿಸಿದ ಹಳೆಯ ಡ್ರೈವರು ಮಾತ್ರ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದ. ಅಳು ಬಂದಾಗ ಇನ್ನೂ ಜೋರಾಗಿ ಮಾತಾಡುವ ಮನುಷ್ಯ.

"ಒಂದ್ಸಲ ಸಿಮೆಂಟು ಹೇರ್ಕೊಂಡು ಬೆಟ್ಟದ ದಾರೀಲಿ ಹೋಗ್ತಿದ್ವಿ. ಲಾರಿ ಕೆಟ್ಟು ನಿಂತ್ಕೊಂಡ್ಬಿಡ್ತು. ನಾನು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರೆ ಇವ್ನು ಮೀಸೆಯೊಳಗೇ ನಗ್ತಿದ್ದಾನೆ. ನೋಡಿದ್ರೆ ಎದುರಿಗೇ ಬೇಕರಿ! ಬಿಸಿ ಬ್ರೆಡ್ಡು ಇಳಿಸ್ತಿದ್ದಾರೆ. ಲಾರಿ ಕೆಟ್ಟಿದ್ದಲ್ಲ ಸ್ವಾಮಿ, ಇವ್ನೇ ಕೆಡಿಸಿದ್ದು. ತಿಂದು ಬಾಯಿ ಒರೆಸ್ಕೊಂಡು ಬಂದ, ಒಂದೇ ಏಟಿಗೆ ಸ್ಟಾರ್ಟ್ ಆಯ್ತು."

ಗೋಡೆಗೆ ಒರಗಿದವರು ನಕ್ಕರು. ನಾದಿನಿಯೂ ಕಣ್ಣೊರೆಸಿಕೊಂಡು ನಕ್ಕಳು.

"ಅಂಥವ್ನು," ಡ್ರೈವರು ಬೆರಳೆತ್ತಿದ, "ಈಚೆಗೆ ಸ್ಟ್ಯಾಂಡಿಗೆ ಬಂದಿದ್ದ. ನಾನೇ ಮೀನು ಹುರಿಸಿ ಮುಂದೆ ಇಟ್ಟೆ. ಮೂಸಿ ನೋಡ್ದ. ಸುತ್ತ ಕಣ್ಣಾಡಿಸ್ದ. ಬೇಡ ಕಣೋ, ಸೊಸೆ ಪಥ್ಯ ಹಾಕಿದ್ದಾಳೆ, ಮೀರೋ ಹಾಗಿಲ್ಲ ಅಂದ. ಇಲ್ಲಿ ಯಾರು ನೋಡ್ತಾರೋ ಮಾರಾಯ, ತಿನ್ನು ಅಂದೆ. ಮುಟ್ಲಿಲ್ಲ ಕಣ್ರೀ! ನಮ್ಮ ಮನೇಲಿ ಮಕ್ಕಳ ಮಾತೇ ನಾನು ಕೇಳಲ್ಲ. ಸೊಸೆ ಮೇಲೆ ಅದೆಂಥ ಗೌರವ ಇಟ್ಟಿದ್ದ ಅಂತೀನಿ."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಚಹಾದ ಲೋಟಗಳ ತಟ್ಟೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಆಗಲೇ ಡಾಕ್ಟರು ಒಳಗೆ ಬಂದದ್ದು. ಮಾವನ ಕಾಲ ಬಳಿ ಸ್ವಲ್ಪ ಹೊತ್ತು ನಿಂತು ಈಚೆ ಬಂದರು. ನಾದಿನಿ ಎದ್ದು ಕೈ ಮುಗಿದಳು.

"ನೀವು ಇಷ್ಟು ಕಟ್ಟುನಿಟ್ಟು ಮಾಡಿದ್ರಿಂದ್ಲೇ ಅಪ್ಪ ಇಷ್ಟು ದಿನ ಇದ್ರು ಡಾಕ್ಟ್ರೇ. ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ, ಉಪ್ಪು ಕೂಡ ಇಲ್ಲ ಅಂದ್ರೆ ನಮ್ಮಪ್ಪನಂಥವ್ರಿಗೆ... ಅತ್ತಿಗೆ ಒಂದಿನಾನೂ ತಪ್ಪಿಸಿಲ್ಲ, ನೋಡಿ."

ಅವಳು ನೆಲ ನೋಡುತ್ತಿದ್ದಳು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದಳು.

"ಹೌದಮ್ಮ" ಎಂದರು ಡಾಕ್ಟರು. "ಅಷ್ಟು ಸರಿಯಾಗಿ ಪಥ್ಯ ಮಾಡಿದೋರನ್ನ ನಾನು ನೋಡಿಲ್ಲ."

ಅವಳು ತಲೆ ಎತ್ತಿದಾಗ ಅವರು ತಟ್ಟೆಯಿಂದ ಒಂದು ಲೋಟ ಎತ್ತಿಕೊಳ್ಳುತ್ತಿದ್ದರು.

*

ಹಳೆಯ ವರ್ಷದ ಕೊನೆಯ ದಿನ ಊಟವಾದ ಮೇಲೆ ಯಾರೂ ಏಳುವಂತಿರಲಿಲ್ಲ. ಅದು ಮಾವ ಮಾಡಿದ ಕಾನೂನು. ಆ ವರ್ಷ ತಿಂದದ್ದರಲ್ಲಿ ಯಾವ ತುತ್ತು ಮರೆಯಲಾಗದ್ದು ಎಂದು ಒಬ್ಬೊಬ್ಬರೂ ಹೇಳಬೇಕು. 'ವರ್ಷದ ತುತ್ತು' ಎಂದು ಅದಕ್ಕೆ ಹೆಸರು. ಅತ್ತೆ ಬದುಕಿದ್ದಾಗ ಅವರಿಬ್ಬರಿಗೆ ಅದರಲ್ಲಿ ಜಗಳವೇ ಆಗುತ್ತಿತ್ತಂತೆ.

ಈ ಸಲ ಮೇಜಿನ ಮೇಲೆ ಆಲೂಗಡ್ಡೆ, ಎಲೆಕೋಸಿನ ತೆಳು ಸೂಪು, ಬೇಕರಿಯ ಅರ್ಧ ಬ್ರೆಡ್ಡು. ಮಾವನ ಪಾಲಿನದನ್ನು ಅವಳು ಉಪ್ಪು ಹಾಕುವ ಮೊದಲೇ ಬೇರೆ ಪಾತ್ರೆಗೆ ತೆಗೆದಿಟ್ಟಿದ್ದಳು. ಅದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕೈ ತಾನೇ ತೆಗೆದಿಡುತ್ತಿತ್ತು.

"ಮಗಾ," ಮಾವ ದನಿ ತಗ್ಗಿಸಿ ಕೇಳಿದರು, "ಹೊಸ ವರ್ಷ ಬರ್ತಿದೆ. ಇವತ್ತೊಂದಿನ ಒಂದು ಚಿಟಿಕೆ ಉಪ್ಪು ಹಾಕ್ಬಿಡ್ತೀಯಾ? ಡಾಕ್ಟ್ರಿಗೆ ನಾವ್ಯಾರೂ ಹೇಳೋದು ಬೇಡ."

ಕೈಯಳತೆಯಲ್ಲೇ ಉಪ್ಪಿತ್ತು. ಒಂದು ಚಿಟಿಕೆ ಕೊಟ್ಟರೆ ಏನಾಗುತ್ತಿತ್ತು? ಆದರೆ ಉಪ್ಪು ಕೊಟ್ಟರೆ ನಾಳೆ ಬೆಣ್ಣೆ ಯಾಕಿಲ್ಲ ಎಂಬ ಮಾತು ಬರುತ್ತದೆ. ಮಗಳು ನೋಡುತ್ತಿದ್ದಳು, ಗಂಡ ನೋಡುತ್ತಿದ್ದ.

"ಬೇಡ ಮಾವ. ಆಮೇಲೆ ಏನಾದ್ರೂ ಆದ್ರೆ?"

ಮಾವ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ, "ಆಯ್ತು ಆಯ್ತು, ಬಿಡು. ಹಳೇ ಲಾರಿ, ಏನು ಹಾಕಿದ್ರೂ ಓಡತ್ತೆ" ಎಂದು ಆಲೂಗಡ್ಡೆ ಮುರಿದುಕೊಂಡರು.

ವರ್ಷದ ತುತ್ತು ಎಂದಾಗ ಗಂಡ, ಕಾರ್ಖಾನೆಯ ಕೊನೆಯ ದಿನ ಕ್ಯಾಂಟೀನಿನವನು ಉಗ್ರಾಣದಲ್ಲಿದ್ದದ್ದನ್ನೆಲ್ಲ ಒಂದೇ ಹಂಡೆಗೆ ಹಾಕಿ ಬೇಯಿಸಿ ಬಡಿಸಿದ್ದನ್ನು ಹೇಳಿದ. ಮಗಳು ಗೆಳತಿಯ ಹುಟ್ಟುಹಬ್ಬದ ಕೇಕಿನ ಬಗ್ಗೆ ಹೇಳುತ್ತಾ ಬೆರಳು ನೆಕ್ಕಿದಳು. ಅವಳ ಸರದಿ ಬಂತು. ಹೊಲಿಗೆ ಅಂಗಡಿಯ ಯಜಮಾನಿಯ ಮಗನ ಮದುವೆಯ ಊಟದಲ್ಲಿ ಹುರಿದ ಕೋಳಿ ಎರಡು ಸಲ ಹಾಕಿಸಿಕೊಂಡು ತಿಂದದ್ದು ನೆನಪಾಯಿತು. ಬಾಯಲ್ಲಿ ನೀರೂರಿತು. "ನಂಗೇನೂ ನೆನಪಾಗ್ತಿಲ್ಲ ಮಾವ" ಎಂದಳು.

"ನಂದು ಹೇಳ್ತೀನಿ" ಎಂದರು ಮಾವ. "ಮೊನ್ನೆ ಮೊನ್ನೆ, ಈ ಪುಟ್ಟಿ ಮೊಟ್ಟೆ ತಿಂತಾ ಕೂತಿದ್ಲು. ಹೇಗಿದೆಯೇ ಅಂದೆ. ಚೆನ್ನಾಗಿದೆ ಅಂದ್ಲು. ಚೆನ್ನಾಗಿದೆ ಅಂದ್ರೆ ಅದೊಂದು ಮಾತಾ? ಸರಿಯಾಗಿ ಹೇಳು ಅಂದೆ. ಕಣ್ಮುಚ್ಚಿ ಯೋಚನೆ ಮಾಡಿದ್ಲು. ಬಿಳೀದು ಸುಮ್ನಿದೆ ತಾತ, ಹಳದೀದು ಮಾತ್ರ ಬಾಯೊಳಗೆ ಬಂದು ನನ್ನ ಹಲ್ಲಿಗೆಲ್ಲ ಹೊದಿಕೆ ಹೊದಿಸ್ತಿದೆ ಅಂದ್ಲು. ನೋಡಿ, ಇಷ್ಟು ವರ್ಷ ಮೊಟ್ಟೆ ತಿಂದಿದ್ದೀನಿ, ನಂಗೆ ಹೀಗೆ ಹೇಳೋಕೆ ಬಂದಿಲ್ಲ. ಅದೇ ನನ್ನ ಈ ವರ್ಷದ ತುತ್ತು."

"ಅದು ನೀವು ತಿಂದಿದ್ದಲ್ಲವಲ್ಲ ತಾತ!" ಎಂದು ಮಗಳು ಕೂಗಿದಳು. "ಅದು ಲೆಕ್ಕಕ್ಕಿಲ್ಲ!"

"ಕಾನೂನು ಮಾಡಿದವ್ನು ನಾನು. ಲೆಕ್ಕಕ್ಕಿದೆ" ಎಂದು ಮಾವ ಮೇಜು ಕುಟ್ಟಿದರು.

ಬೆಳಿಗ್ಗೆ ಅವಳು ಚಹಾ ತೆಗೆದುಕೊಂಡು ಹೋದಾಗ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಎರಡು ಸಲ ಕರೆದಳು. ಮೂರನೆಯ ಸಲ ಭುಜ ಮುಟ್ಟಿದಳು.

*

ಚಿತಾಗಾರದಲ್ಲಿ ಹೊರಗಿನ ಕಟ್ಟೆಯ ಮೇಲೆ ಕೂತು ಕಾಯಬೇಕಿತ್ತು. ಗಂಡ ಒಳಗೆ ಸಹಿ ಹಾಕಲು ಹೋಗಿದ್ದ. ನಾದಿನಿ ಮಗಳನ್ನು ಕರೆದುಕೊಂಡು ನಲ್ಲಿಯ ಹತ್ತಿರ ಹೋಗಿದ್ದಳು. ಡಾಕ್ಟರು ಬಂದು ಅವಳ ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಕೂತರು.

"ನಿದ್ದೇಲೇ ಹೃದಯ ನಿಂತಿದೆ. ಅದಕ್ಕೂ ಊಟಕ್ಕೂ ಸಂಬಂಧ ಇಲ್ಲ. ಅದನ್ನ ತಲೇಲಿ ಇಟ್ಕೋಬೇಡಿ" ಎಂದರು.

"ನೀವು ಪಥ್ಯ ಹೇಳೇ ಇರ್ಲಿಲ್ಲ" ಎಂದಳು ಅವಳು. "ಎಲ್ಲರ ಮುಂದೆ ಯಾಕೆ ಹೌದು ಅಂದ್ರಿ?"

"ನಿಮ್ಮ ಮಾವ ಹೇಳಿಟ್ಟಿದ್ರು."

ಅವಳು ಅವರ ಕಡೆ ತಿರುಗಿದಳು.

"ಮಳೆ ಶುರುವಾಗೋ ಮುಂಚೆ ಒಬ್ರೇ ಬಂದಿದ್ರು. ಡಾಕ್ಟ್ರೇ, ನೀವು ನಂಗೆ ಉಪ್ಪು ಬೇಡ ಅಂದ್ರಾ ಅಂತ ಕೇಳಿದ್ರು. ನಾನ್ಯಾಕೆ ಅನ್ಲಿ ಅಂದೆ. ಆಮೇಲೆ ನಗೋಕೆ ಶುರು ಮಾಡಿದ್ರು. ಹಾಗಾದ್ರೆ ಇವತ್ತಿಂದ ಅಂದಿದ್ದೀರಿ ಅಂತ ಇಟ್ಕೊಳ್ಳಿ, ಯಾರು ಕೇಳಿದ್ರೂ ನಿಮ್ಮದೇ ಮಾತು ಅಂದ್ರು."

ಎದುರಿನ ಗೋಡೆಯ ಮೇಲೆ ಯಾರೋ ಒದ್ದೆ ಬಟ್ಟೆ ಹರವಿದ್ದರು. ಅವಳು ಅದನ್ನೇ ನೋಡುತ್ತಿದ್ದಳು.

"ನಾನೂ ಹೇಳಿದೆ, ಮನೇಲಿ ಬೇಡ, ಹೊರಗಾದ್ರೂ ತಿನ್ನಿ ಅಂತ. ಅದಕ್ಕೆ, ಯಾರಾದ್ರೂ ನೋಡಿ ಮನೆಗೆ ಸುದ್ದಿ ಮುಟ್ಟಿಸಿದ್ರೆ ನನ್ನ ಸೊಸೆ ಸುಳ್ಳುಗಾರ್ತಿ ಆಗ್ಬಿಡ್ತಾಳೆ ಅಂದ್ರು. ಇದನ್ನ ನಿಮಗೆ ಹೇಳ್ಬೇಡಿ ಅಂತಾನೂ ಅಂದಿದ್ರು. ಗೊತ್ತಾದ್ರೆ ಅವಳು ನನ್ನ ಮುಖ ನೋಡೋಕೆ ಸಂಕಟ ಪಡ್ತಾಳೆ, ಒಂದೇ ಮೇಜಲ್ಲಿ ಕೂರ್ಬೇಕಲ್ಲ ಅಂತ." ಡಾಕ್ಟರು ಎದ್ದರು. "ಹೇಳ್ಬಾರ್ದಿತ್ತೇನೋ. ನಿಮ್ಮ ನಾದಿನಿ ಹೊಗಳೋವಾಗ ನಿಮ್ಮ ಮುಖ ನೋಡಿದೆ. ಆ ಭಾರದ ಜೊತೆ ಇದೂ ನಿಮ್ಮ ಹತ್ರ ಇರ್ಲಿ ಅನ್ನಿಸ್ತು."

ಹಾಗಾದರೆ ಆ ರಾತ್ರಿ ಚಿಟಿಕೆ ಉಪ್ಪು ಕೇಳಿದಾಗ ಅವರಿಗೆ ಗೊತ್ತಿತ್ತು. ಡಾಕ್ಟ್ರಿಗೆ ಹೇಳೋದು ಬೇಡ ಎಂದಾಗ ಅವರು ಅವಳಿಗೊಂದು ಬಾಗಿಲು ತೆರೆದು ಹಿಡಿದು ನಿಂತಿದ್ದರು. ಅವಳು ಅದನ್ನು ಅವರ ಮುಖದ ಮೇಲೆಯೇ ಹಾಕಿದ್ದಳು.

ಒಳಗಿನಿಂದ ಗಂಡ ಕೈ ಸನ್ನೆ ಮಾಡಿ ಕರೆಯುತ್ತಿದ್ದ. ಅವಳು ಎದ್ದು ಒಳಗೆ ಹೋದಳು.

*

ಮನೆಗೆ ಮರಳಿದಾಗ ಮೇಜಿನ ಮೇಲೆ ಕೈಯಿಡಲು ಜಾಗವಿರಲಿಲ್ಲ. ಅಕ್ಕಪಕ್ಕದವರು ಮುಚ್ಚಿದ ಪಾತ್ರೆಗಳನ್ನು ತಂದಿಟ್ಟು ಹೋಗಿದ್ದರು. ತಮ್ಮ ಮನೆಗೆ ಅರ್ಧ ಬ್ರೆಡ್ಡು ತರುವವರು ಇಡೀ ಬ್ರೆಡ್ಡು ತಂದಿದ್ದರು. ಬೇಯಿಸಿದ ಮಾಂಸ, ಹುರಿದ ಮೀನು, ತುಪ್ಪದ ಘಮದ ಅನ್ನ, ಇನ್ನೂ ಬಿಸಿಯಾಗಿದ್ದ ಬೀನ್ಸು. ಆ ಮನೆಯಲ್ಲಿ ಒಂದು ವರ್ಷದಿಂದ ಅಷ್ಟು ಊಟ ಒಟ್ಟಿಗೆ ಕಂಡಿರಲಿಲ್ಲ. ಮಗಳು ಪಾತ್ರೆಯಿಂದ ಪಾತ್ರೆಗೆ ಮುಚ್ಚಳ ಎತ್ತಿ ನೋಡುತ್ತಾ, "ತಾತ ಇರ್ಬೇಕಿತ್ತು" ಎಂದಳು. ಗಂಡ ಮಗಳನ್ನು ಎತ್ತಿಕೊಂಡು ಹೊರಕೋಣೆಗೆ ಹೋದ.

ಅವಳಿಗೆ ಹಸಿವಾಗುತ್ತಿತ್ತು. ನಾಚಿಕೆಯಾಗುವಷ್ಟು ಹಸಿವು. ಬಂದವರಿಗೆಲ್ಲ ಬಡಿಸಿ, ಕೊನೆಗೆ ನಾದಿನಿಯ ಒತ್ತಾಯಕ್ಕೆ ಕೂತಾಗ, ಒಂದು ತುತ್ತು ಬಾಯಿಗಿಟ್ಟುಕೊಂಡಳು. ಎಲ್ಲ ಹದವಾಗಿತ್ತು, ಉಪ್ಪು ಕೂಡ.

ಸಂಜೆ ಜನ ಹೋದ ಮೇಲೆ ಇಬ್ಬರೂ ಪಾತ್ರೆ ತೊಳೆಯಲು ನಿಂತರು. ನಾದಿನಿ ತೊಳೆದು ಕೊಡುತ್ತಿದ್ದಳು, ಅವಳು ಒರೆಸಿ ಅಡುಗೆ ಕಟ್ಟೆಯ ಮೇಲೆ ಜೋಡಿಸುತ್ತಿದ್ದಳು.

"ನಾನು ಊರಿಗೆ ಹೋದ್ಮೇಲೆ ಎಲ್ಲರಿಗೂ ಹೇಳ್ತೀನಿ ಅತ್ತಿಗೆ" ಎಂದಳು ನಾದಿನಿ. "ನನ್ನ ಹೊಟ್ಟೇಲಿ ಹುಟ್ಟಿದೋರೂ ನನ್ನನ್ನ ಹೀಗೆ ನೋಡ್ಕೊಂಡಾರಾ ಗೊತ್ತಿಲ್ಲ."

"ಹೇಳ್ಬೇಡ."

"ಯಾಕೆ? ಹೇಳ್ಬೇಕು ಇಂಥದ್ದನ್ನ."

"ಡಾಕ್ಟ್ರು ಪಥ್ಯ ಹೇಳಿರ್ಲಿಲ್ಲ." ಅವಳು ಕೈಯಲ್ಲಿದ್ದ ಪಾತ್ರೆಯನ್ನು ಒರೆಸುತ್ತಲೇ ಇದ್ದಳು. "ನಾನೇ ಹೇಳಿದ್ದು. ಸಾಲ್ತಿರ್ಲಿಲ್ಲ. ಮಗಳಿಗೆ ಇರ್ಲಿ ಅಂತ. ಮಾವನ ಹತ್ರ ಇಲ್ಲ ಅನ್ನೋಕಾಗ್ದೆ ಡಾಕ್ಟ್ರ ಹೆಸರು ಹೇಳ್ದೆ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ನಾದಿನಿ ತಿರುಗಲಿಲ್ಲ.

"ಬೆಣ್ಣೆ, ಮೊಟ್ಟೆ... ಅದು ಸರಿ" ಎಂದಳು ನಿಧಾನವಾಗಿ, ಏನನ್ನೋ ಕೂಡಿಸಿ ನೋಡುವವಳ ಹಾಗೆ. "ಉಪ್ಪು?"

"ಅದೂ ನಾನೇ."

"ಉಪ್ಪು ಇರ್ಲಿಲ್ವಾ ಮನೇಲಿ?"

"ಇತ್ತು."

"ಮತ್ತೆ ಯಾಕೆ?"

"ನಿಜ ಅನ್ನಿಸ್ಲಿ ಅಂತ."

ಹೊರಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಗಂಡ ಒಳಗೆ ಬರುತ್ತಾನೆಂದುಕೊಂಡಳು. ಬರಲಿಲ್ಲ. ಮಾವನಿಗೆ ಇದೆಲ್ಲ ಗೊತ್ತಿತ್ತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಹೇಳಿದರೆ ಕ್ಷಮೆ ಕೇಳಿದಂತಾಗುತ್ತದೆ ಎನ್ನಿಸಿ ಅವಳು ತುಟಿ ಬಿಗಿಹಿಡಿದಳು.

ನಾದಿನಿ ಕೈ ಚಾಚಿ, ಒರೆಸಿ ಜೋಡಿಸಿಟ್ಟ ಪಾತ್ರೆಗಳಲ್ಲಿ ಮೇಲಿನದನ್ನು ಎಳೆದುಕೊಂಡಳು. ಅದರೊಳಗೆ ನೋಡಿದಳು. ಏನೂ ಇರಲಿಲ್ಲ, ಹೊಳೆಯುತ್ತಿತ್ತು. ಅದನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದು, ನಾರಿಗೆ ಸೋಪು ಹಚ್ಚಿ, ತಳದಿಂದ ಉಜ್ಜತೊಡಗಿದಳು. ಜೋರಾಗಿ, ಭುಜ ಅಲುಗುವಂತೆ. ಅದು ಮುಗಿದ ಮೇಲೆ ಇನ್ನೊಂದನ್ನು ಎಳೆದುಕೊಂಡಳು.

ಅವಳು ಒರೆಸುವ ಬಟ್ಟೆಯ ಒಣ ಭಾಗವನ್ನು ಹುಡುಕಿ ಮೇಲೆ ಮಾಡಿಕೊಂಡು, ಎರಡೂ ಕೈ ಚಾಚಿ, ನಾದಿನಿಯ ಪಕ್ಕದಲ್ಲೇ ಕಾಯುತ್ತಾ ನಿಂತಳು.